ಮೊದಲು ನಿಮ್ಮ ಉಸಿರು, ಆಮೇಲೆ ಮಗುವಿನ ಹಠ

ಸಂಜೆ ಏಳೂವರೆ. ಒಲೆಯ ಮೇಲೆ ಕುಕ್ಕರ್ ಎರಡನೇ ಸೀಟಿ ಹಾಕಿತ್ತು. ಅಡುಗೆಮನೆ ಬಾಗಿಲಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಎರಡನೇ ಕ್ಲಾಸಿನ ಮಗಳು ದಶಕ ಕೂಡುವ ಲೆಕ್ಕವನ್ನು ಮೂರನೇ ಸಲ ಅಳಿಸುತ್ತಿದ್ದಳು. ರಬ್ಬರು ತಿಕ್ಕಿ ತಿಕ್ಕಿ ಹಾಳೆ ತೂತಾಯಿತು. ಪೆನ್ಸಿಲ್ ಗೋಡೆಗೆ ಬಡಿಯಿತು, ಪುಸ್ತಕ ನನ್ನ ಕಾಲ ಬಳಿ ಬಂದು ಬಿತ್ತು. "ಎಷ್ಟು ಸಲ ಹೇಳ್ಕೊಡ್ಬೇಕು ನಿನಗೆ!" ಎಂದು ನಾನು ಕೂಗಿದ ರಭಸಕ್ಕೆ ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಕಿವಿಗೆ ಒತ್ತಿಕೊಂಡ ಆ ಪುಟ್ಟ ಕೈಗಳು ಇವತ್ತಿಗೂ ಕಣ್ಣ ಮುಂದಿವೆ.

ಮುಂದಿನ ವಾರ ಅವಳನ್ನು ಒಬ್ಬ ಮನಃಶಾಸ್ತ್ರಜ್ಞೆಯ ಬಳಿ ಕರೆದುಕೊಂಡು ಹೋದೆ. ಅವಳ ಹಠಕ್ಕೆ ಏನಾದರೂ ಪರಿಹಾರ ಸಿಗಲಿ ಎಂಬುದಷ್ಟೇ ಮನಸ್ಸಿನಲ್ಲಿತ್ತು. ಆಕೆ ಮಗುವಿಗೆ ಹಾಳೆ, ಬಣ್ಣದ ಪೆನ್ಸಿಲ್ಲು ಕೊಟ್ಟು ಕೂರಿಸಿ ನನ್ನ ಕಡೆ ತಿರುಗಿದರು. "ನಿಮಗೆ ಸಿಟ್ಟು ಬಂದಾಗ ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಗುತ್ತೆ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮಗಳ ಥೆರಪಿ ಅಮ್ಮನಿಂದ ಶುರುವಾಯಿತು.

ಥೆರಪಿ ಎಂದರೆ ಹಲವರಿಗೆ ಇನ್ನೂ ಭಯ. ಮಾತ್ರೆ, ಇಂಜೆಕ್ಷನ್, ಊರವರ ಬಾಯಿ ಎಲ್ಲ ಒಟ್ಟಿಗೆ ನೆನಪಾಗುತ್ತವೆ. ನಾನು ಕಂಡದ್ದು ಮಾತು, ಆಟ, ಅಭ್ಯಾಸ. ಭಾವನೆ ಬಾರದಂತೆ ತಡೆಯುವ ವಿದ್ಯೆ ಯಾರ ಬಳಿಯೂ ಇಲ್ಲ. ಬಂದದ್ದನ್ನು ಹೇಗೆ ನಿಭಾಯಿಸಬೇಕು ಎನ್ನುವುದನ್ನು ಮಾತ್ರ ಸೈಕಲ್ ಕಲಿತಂತೆ ಕಲಿಯಬಹುದು, ಬಿದ್ದು ಎದ್ದು. ಆ ಕಲಿಕೆಯಲ್ಲಿ ನನಗೆ ದಕ್ಕಿದ ಸೂತ್ರಗಳು ಇವು.

1. ಮೊದಲು ನೀವು ತಣ್ಣಗಾಗಿ

"ತಡಿ, ಯೋಚಿಸು" ಎಂದು ನಮ್ಮನ್ನು ಹಿಡಿದು ನಿಲ್ಲಿಸುವುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗ. ಅದು ಪೂರ್ತಿ ಬಲಿಯುವ ಹೊತ್ತಿಗೆ ವಯಸ್ಸು ಇಪ್ಪತ್ತೈದರ ಆಸುಪಾಸು ಆಗಿರುತ್ತದೆ. ಏಳು ವರ್ಷದ ಮಗುವಿಗೆ "ಸುಮ್ನೆ ಸಮಾಧಾನ ಮಾಡ್ಕೋ" ಎನ್ನುವುದು ಎಳೆ ಸೊಂಟಕ್ಕೆ ತುಂಬಿದ ಬಿಂದಿಗೆ ಹೊರಿಸಿದ ಹಾಗೆ. ಅಲ್ಲಿಯವರೆಗೆ ಮಗು ಸಮಾಧಾನವನ್ನು ಹತ್ತಿರದ ದೊಡ್ಡವರಿಂದ ಕಡ ತರುತ್ತದೆ. ನಮ್ಮ ಡಬ್ಬಿಯೇ ಖಾಲಿಯಾಗಿದ್ದರೆ ಕೊಡುವುದೇನನ್ನು?

ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ಕೂಸಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬೇಕು. ಅಷ್ಟೇ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕೂಗಿ ಕರೆಯುತ್ತದೆ. ಯಾವುದಕ್ಕೂ ಅಮ್ಮನ ಮುಖ ಅಲ್ಲಾಡದಿದ್ದಾಗ ಕಣ್ಣು ಬೇರೆ ಕಡೆ ತಿರುಗಿಸಿ ಕುಗ್ಗುತ್ತದೆ. ಮಾತೇ ಬಾರದ ಕೂಸು ನಮ್ಮ ಮುಖವನ್ನು ಇಷ್ಟು ಓದುತ್ತದೆ. ಮೊಬೈಲ್ ನೋಡುತ್ತಾ "ಹೂಂ, ಹೂಂ" ಅನ್ನುವಾಗ ನಮ್ಮ ಮುಖ ಹೇಗಿರುತ್ತದೆ ಎಂದು ನಾನು ಈಗ ಆಗಾಗ ಯೋಚಿಸುತ್ತೇನೆ.

ಮನಃಶಾಸ್ತ್ರಜ್ಞೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕು ದಿನ ನನ್ನನ್ನೇ ಗಮನಿಸಿದ ಮೇಲೆ. ನನ್ನ ಸಿಟ್ಟು ಮೊದಲು ದವಡೆಗೆ ಬರುತ್ತದೆ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ಎದೆ ಬಿಗಿಯುತ್ತದೆ. ಹಲ್ಲು ಕಚ್ಚಿದ್ದೇನೆ ಎಂದು ಗೊತ್ತಾದ ಕೂಡಲೇ ಒಲೆ ಆರಿಸುತ್ತೇನೆ, ಒಂದು ಲೋಟ ನೀರು ಕುಡಿಯುತ್ತೇನೆ, ಆಮೇಲೆ ಮಗಳ ಕಡೆ ತಿರುಗುತ್ತೇನೆ. ನಿಮ್ಮ ಗುರುತು ಯಾವುದು, ಈ ವಾರ ಹುಡುಕಿಕೊಳ್ಳಿ.

2. ಉಸಿರು ಬಿಡುವುದನ್ನು ಉದ್ದ ಮಾಡಿ

ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ಹೀಗೆ ನಿಮಿಷಕ್ಕೆ ಸುಮಾರು 6 ಉಸಿರು. ಉಸಿರು ಬಿಡುವಾಗ ವೇಗಸ್ ನರದ ಮೂಲಕ ಹೃದಯದ ಬಡಿತ ನಿಧಾನವಾಗುತ್ತದೆ. ಆದ್ದರಿಂದಲೇ "ದೀರ್ಘ ಉಸಿರು ತಗೋ" ಎನ್ನುವುದಕ್ಕಿಂತ "ನಿಧಾನವಾಗಿ ಬಿಡು" ಎನ್ನುವುದು ಒಳ್ಳೆಯ ಸಲಹೆ.

ಮಗುವಿಗೆ ಎಣಿಕೆ ಬೇಡ. ಬಿಸಿ ಹಾಲಿನ ಲೋಟ ಕೈಯಲ್ಲಿದೆ ಎಂದುಕೊಂಡು ಊದಿ ಊದಿ ಆರಿಸಲು ಹೇಳಿ. ಸೋಪಿನ ಗುಳ್ಳೆ ಊದಲಿ. ಒಂದು ಕೈಯ ಐದು ಬೆರಳುಗಳ ಮೇಲೆ ಇನ್ನೊಂದು ಕೈಯ ತೋರುಬೆರಳಿನಿಂದ ಹತ್ತಿ ಇಳಿಯಲಿ, ಹತ್ತುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ.

ಒಂದು ಎಚ್ಚರಿಕೆ. ಇದನ್ನು ಕಲಿಸಬೇಕಾದದ್ದು ಮಗು ಖುಷಿಯಾಗಿದ್ದಾಗ, ಮಲಗುವ ಮುಂಚೆ. ಹೊಳೆಗೆ ಬಿದ್ದ ಮೇಲೆ ಈಜು ಕಲಿಸಲಾಗದು. ದೊಡ್ಡವರಿಗೆ ಸಿಟ್ಟು ನೆತ್ತಿಗೇರಿದಾಗ ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದೂ ಕೆಲಸ ಮಾಡುತ್ತದೆ. ತಣ್ಣೀರು ಮುಖಕ್ಕೆ ತಾಗಿದರೆ ಎದೆಬಡಿತ ಇಳಿಯುವುದು ದೇಹದ ಸಹಜ ಗುಣ. ಹೃದಯದ ತೊಂದರೆ ಇರುವವರು ಐಸ್ ನೀರಿನ ಸಾಹಸಕ್ಕೆ ಹೋಗಬೇಡಿ.

3. ಭಾವನೆಗೆ ಹೆಸರಿಡಿ, ಅದೂ ಕನ್ನಡದಲ್ಲಿ

ಏನನ್ನಿಸ್ತಿದೆ ಎಂದು ಈಗಿನ ಮಕ್ಕಳನ್ನು ಕೇಳಿ ನೋಡಿ. "ಸ್ಯಾಡ್" ಅಥವಾ "ಆ್ಯಂಗ್ರಿ". ನಾವಾದರೂ ಎಲ್ಲಕ್ಕೂ "ಬೇಜಾರು" ಒಂದನ್ನೇ ಹಚ್ಚುತ್ತೇವೆ. ಬಸ್ ತಪ್ಪಿದರೂ ಬೇಜಾರು, ಅಪ್ಪ ತೀರಿಕೊಂಡರೂ ಬೇಜಾರು.

ನಮ್ಮ ಭಾಷೆಯ ಡಬ್ಬಿ ಇಷ್ಟು ಬಡವಾಗಿಲ್ಲ. ಪ್ರೀತಿಯವರ ಮೇಲೆ ಬರುವುದು ಮುನಿಸು, ಮಾತು ಬಿಟ್ಟು ಕೂರುವುದು ಸೆಡವು, ಸಣ್ಣದಾಗಿ ಚುಚ್ಚುತ್ತಲೇ ಇರುವುದು ಕಿರಿಕಿರಿ. ಪರೀಕ್ಷೆಯ ಹಿಂದಿನ ರಾತ್ರಿಯದು ತಳಮಳ, ಕತ್ತಲಲ್ಲಿ ಬೆಚ್ಚಿಬೀಳಿಸುವುದು ದಿಗಿಲು, ಹೊಸಬರೆದುರು ಕಾಲು ಹಿಂದೆಗೆಯುವುದು ಅಳುಕು. ಸರಿಯೋ ತಪ್ಪೋ ತಿಳಿಯದೆ ಕೂತಲ್ಲಿ ಕೂರಲಾಗದ್ದು ಕಸಿವಿಸಿ, ಕೈಜಾರಿದ್ದನ್ನು ನೆನೆದು ನೆನೆದು ಬೇಯುವುದು ಹಳಹಳಿ, ಬಾಯಿಬಿಡದೆ ಒಳಗೇ ಸವೆಯುವುದು ಕೊರಗು. ಪಕ್ಕದ ಬೆಂಚಿನವನಿಗೆ ಬಹುಮಾನ ಬಂದಾಗಿನದು ಹೊಟ್ಟೆಕಿಚ್ಚು, ಅದನ್ನು ಹೇಳಿಕೊಳ್ಳಲು ನಾಚಿಕೆ. ಇವನ್ನೆಲ್ಲ ಅಜ್ಜಿಯರು ದಿನಾ ಬಳಸುತ್ತಿದ್ದರು.

ಹೆಸರಿಡುವುದರಿಂದ ಏನು ಲಾಭ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ಕ್ಯಾನರಿನಲ್ಲಿ ಮಲಗಿದವರಿಗೆ ಸಿಟ್ಟು, ಭಯದ ಮುಖಗಳನ್ನು ತೋರಿಸಿದರು. ಆ ಭಾವಕ್ಕೆ ಪದ ಹುಡುಕಿ ಹೆಸರಿಟ್ಟಾಗ ಮಿದುಳಿನೊಳಗೆ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿತು, ಮುಂಭಾಗದ್ದು ಹೆಚ್ಚಿತು.

ಶಾಲೆಯ ವಾರ್ಷಿಕೋತ್ಸವದ ಬೆಳಗ್ಗೆ ನನ್ನ ಮಗಳು "ಹೊಟ್ಟೆನೋವು, ಹೋಗಲ್ಲ" ಎಂದು ಕಂಬ ಹಿಡಿದು ನಿಂತಳು. "ನೋವಾ, ತಳಮಳಾನಾ?" ಎಂದು ಕೇಳಿದೆ. "ತಳಮಳ ಅಂದ್ರೆ?" "ಹೊಟ್ಟೆಯೊಳಗೆ ಯಾರೋ ಮಜ್ಜಿಗೆ ಕಡೆಯೋ ಹಾಗಿರುತ್ತಲ್ಲ, ಅದು." ಅವಳು ಹೊಟ್ಟೆ ಮುಟ್ಟಿ ನೋಡಿಕೊಂಡು, "ಹೂಂ, ಅದೇ" ಎಂದಳು. ಕಂಬ ಬಿಟ್ಟಳು. ಸ್ಟೇಜಿನ ಮೇಲೆ ಎರಡನೇ ಸಾಲಿನಲ್ಲಿ ನಿಂತು ಕುಣಿದೂ ಕುಣಿದಳು.

4. ಭಾವನೆಗೆ ಒಪ್ಪಿಗೆ, ವರ್ತನೆಗೆ ಎಲ್ಲೆ

ಅಂಗಡಿಯಲ್ಲಿ ಚಾಕೊಲೇಟಿಗಾಗಿ ಮಗು ನೆಲಕ್ಕೆ ಬಿದ್ದು ರಚ್ಚೆ ಹಿಡಿದಿದೆ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದಾರೆ. "ಎಲ್ಲರ ಎದುರು ಮಾನ ಕಳೀಬೇಡ, ಏಳು" ಎಂದು ರಟ್ಟೆ ಹಿಡಿದು ಎಳೆಯುವುದು ಒಂದು ದಾರಿ. ತಗೋ ಎಂದು ಕೈಗೆ ತುರುಕುವುದು ಇನ್ನೊಂದು. ಮೂರನೆಯದು ಕಷ್ಟದ್ದು. ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಹೀಗೆ ಹೇಳಬೇಕು: "ಅದು ಬೇಕೇಬೇಕು ಅನ್ನಿಸ್ತಿದೆ ಅಲ್ವಾ? ಸಿಗಲಿಲ್ಲ ಅಂತ ಕೋಪ ಬಂದಿದೆ. ಇವತ್ತು ತಗೊಳಲ್ಲ ಕಂದಾ. ನಾನು ಇಲ್ಲೇ ಇದ್ದೀನಿ."

ಕೋಪಕ್ಕೆ ಒಪ್ಪಿಗೆ ಸಿಕ್ಕಿತು, ಚಾಕೊಲೇಟು ಸಿಗಲಿಲ್ಲ. ಎರಡೂ ಒಟ್ಟಿಗೆ ಇರಬೇಕು. ನಾಲ್ಕನೇ ಸಲ ಚೀರಿದಾಗ ಸೋತು ಕೊಡಿಸಿದರೆ, ನಾಲ್ಕು ಸಲ ಚೀರಬೇಕು ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್ ಇದನ್ನು ಭಾವನೆಗಳ ತರಬೇತಿ ಎಂದು ಕರೆದು 1997ರಲ್ಲಿ ಪೋಷಕರಿಗಾಗಿ ಪುಸ್ತಕವನ್ನೇ ಬರೆದರು. ಅವರು ಕಲಿಸುವುದೂ ಇದನ್ನೇ: ಭಾವನೆಗಳೆಲ್ಲ ಸರಿ, ವರ್ತನೆಗಳೆಲ್ಲ ಸರಿಯಲ್ಲ. ಸಿಟ್ಟು ಬರಲಿ, ತಂಗಿಗೆ ಹೊಡೆಯುವಂತಿಲ್ಲ.

"ಗಂಡು ಹುಡುಗ ಅಳ್ತಾನೇನೋ?" ಎಂಬ ಮಾತನ್ನು ದಯವಿಟ್ಟು ನಿಮ್ಮ ಮನೆಯಲ್ಲಿ ಇವತ್ತೇ ನಿಲ್ಲಿಸಿ. ಅಳು ನುಂಗುವುದನ್ನು ಕಲಿತ ಹುಡುಗನಿಗೆ ಕೊನೆಗೆ ಉಳಿಯುವುದು ಸಿಟ್ಟೊಂದೇ. ಅದರ ಪೆಟ್ಟು ಬೀಳುವುದು ಮುಂದೆ ಅವನನ್ನು ಕಟ್ಟಿಕೊಂಡವಳ ಮೇಲೆ, ಅವನ ಮಕ್ಕಳ ಮೇಲೆ.

5. ಉಪದೇಶಕ್ಕೆ ಹೊತ್ತು ನೋಡಿ

ಮಗು ಚೀರುತ್ತಿರುವಾಗ ನೀತಿ ಹೇಳಬೇಡಿ. ಕಿವಿಯೊಳಗೆ ಹೋಗುವುದಿಲ್ಲ. ಆ ಹೊತ್ತಿಗೆ ಐದಾರು ಪದ ಸಾಕು. ಮಾತುಕತೆ ಊಟವಾದ ಮೇಲೆ, ತಲೆಗೆ ಎಣ್ಣೆ ಹಚ್ಚುವಾಗ.

6. ದಿನಕ್ಕೆ ಐದು ನಿಮಿಷ ಮಗುವಿನದು

ಎರಡರಿಂದ ಏಳು ವರ್ಷದ ಹಠಮಾರಿ ಮಕ್ಕಳಿಗಾಗಿ ಅಮೆರಿಕದ ಶೀಲಾ ಐಬರ್ಗ್ 1970ರ ದಶಕದಲ್ಲಿ ರೂಪಿಸಿದ ಥೆರಪಿಯೊಂದಿದೆ. ಹೆಸರು ಪಿಸಿಐಟಿ. ಕೋಣೆಯಲ್ಲಿ ಮಗುವಿನ ಜೊತೆ ಆಡುವುದು ಅಮ್ಮನೋ ಅಪ್ಪನೋ. ಥೆರಪಿಸ್ಟ್ ಗಾಜಿನ ಆಚೆ ಕೂತು, ಕಿವಿಗೆ ಸಿಕ್ಕಿಸಿದ ಪುಟ್ಟ ಸಾಧನದಲ್ಲಿ ಪೋಷಕರಿಗೆ ಆಗಿಂದಾಗಲೇ ಸೂಚನೆ ಕೊಡುತ್ತಾರೆ. ಮಗುವನ್ನು ಬದಲಿಸುವ ಕೆಲಸ ಪೋಷಕರ ಬಾಯಿಂದಲೇ ಆಗುತ್ತದೆ. ಮನೆಗೆ ಕೊಡುವ ಹೋಂವರ್ಕ್ ದಿನಕ್ಕೆ 5 ನಿಮಿಷದ ಆಟ.

ಆ ಐದು ನಿಮಿಷ ಪ್ರಶ್ನೆ ಇಲ್ಲ, ಅಪ್ಪಣೆ ಇಲ್ಲ, ಟೀಕೆ ಇಲ್ಲ. ಆಟ ಮಗುವಿನದು, ನೀವು ಹಿಂಬಾಲಕರು. ಮಗು ಮಾಡುತ್ತಿರುವುದನ್ನು ಗಟ್ಟಿಯಾಗಿ ಹೇಳಿ: "ಓ, ಕೆಂಪು ಬ್ಲಾಕ್ ಮೇಲೆ ಹಳದಿ ಇಡ್ತಾ ಇದ್ದೀಯ." ಅದು ಹೇಳಿದ್ದನ್ನು ತಿರುಗಿ ಹೇಳಿ. ಹೊಗಳಿಕೆ ನಿಖರವಾಗಿರಲಿ. ಬರೀ "ಗುಡ್ ಗರ್ಲ್" ಸಾಲದು, "ಗೋಪುರ ಬಿದ್ರೂ ಮತ್ತೆ ಕಟ್ತಾ ಇದ್ದೀಯಲ್ಲ, ಅದು ಚೆನ್ನಾಗಿದೆ" ಎನ್ನಿ.

ಮೊದಲ ದಿನ ನನಗೆ ಎರಡು ನಿಮಿಷ ದಾಟಲಾಗಲಿಲ್ಲ. "ಇದೇನಿದು? ಯಾವ ಬಣ್ಣ? ಹೀಗಿಡಬೇಕು ನೋಡು" ಎಂದು ಬಾಯಿ ತಾನಾಗಿಯೇ ಹೊರಳುತ್ತಿತ್ತು. ದಿನವಿಡೀ ಮಗುವಿನ ಜೊತೆ ನಾವು ಆಡುವ ಮಾತೆಲ್ಲ ಪ್ರಶ್ನೆ ಮತ್ತು ಅಪ್ಪಣೆ ಎಂದು ಅವತ್ತು ಅರಿವಾಯಿತು. ಹದಿಹರೆಯದ ಮಕ್ಕಳಿದ್ದರೆ ಬ್ಲಾಕ್ ಬದಲು ಪಾತ್ರೆ ಒರೆಸುವುದೋ, ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಬಿಡುವುದೋ ಆಗಬಹುದು. ಅಕ್ಕಪಕ್ಕ ಇದ್ದು, ಮಾರ್ಕ್ಸಿನ ಮಾತೆತ್ತದೆ.

7. ಸಿಟ್ಟನ್ನು "ಹೊರಹಾಕಿದರೆ" ಇಳಿಯುತ್ತದೆ ಎಂದು ನಂಬಬೇಡಿ

ದಿಂಬಿಗೆ ಗುದ್ದು, ಬಾಗಿಲು ಬಡಿ, ಮನಸ್ಸು ಹಗುರವಾಗುತ್ತದೆ ಎಂಬ ಮಾತು ಬಹಳ ಕಾಲದಿಂದ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಇದನ್ನು ಪರೀಕ್ಷಿಸಿದರು. ಸಿಟ್ಟು ಬರಿಸಿದವರನ್ನೇ ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಏರಿತು. ಏನೂ ಮಾಡದೆ ಸುಮ್ಮನೆ ಕೂತವರೇ ವಾಸಿ. ಸಿಟ್ಟು ಬಂದಾಗ ಎರಡು ಬೀದಿ ಸುತ್ತಿ ಬನ್ನಿ, ಬಟ್ಟೆ ಒಗೆಯಿರಿ. ಆದರೆ ಆ ಜಗಳವನ್ನೇ ಮೆಲುಕು ಹಾಕುತ್ತಾ ಒಗೆಯಬೇಡಿ.

8. ನಡೆದದ್ದು ಬೇರೆ, ಅಂದುಕೊಂಡದ್ದು ಬೇರೆ

ಇದು ದೊಡ್ಡವರ ಸೂತ್ರ. ರಾತ್ರಿ ಹತ್ತಕ್ಕೆ ಮೇಲಧಿಕಾರಿಯ ವಾಟ್ಸ್ಆ್ಯಪ್ ಬರುತ್ತದೆ: "ಬೆಳಗ್ಗೆ ಬಂದು ಭೇಟಿಯಾಗಿ." ನಡೆದದ್ದು ಅಷ್ಟೇ. ಉಳಿದದ್ದನ್ನೆಲ್ಲ ಮನಸ್ಸು ಬರೆಯುತ್ತದೆ. ಮೆಮೊ ಕೊಡ್ತಾರೆ, ವರ್ಗ ಮಾಡ್ತಾರೆ, ಮನೆ ಸಾಲದ ಗತಿ ಏನು? ಹನ್ನೆರಡಕ್ಕೆ ಎದೆ ಡವಡವ, ಬೆಳಗ್ಗೆ ಎದ್ದ ಕೂಡಲೇ ತಿಂಡಿ ತಿನ್ನದ ಮಗುವಿನ ಮೇಲೆ ರೇಗಾಟ. ಮಗುವಿಗೆ ಪಾಪ, ಆ ವಾಟ್ಸ್ಆ್ಯಪ್ ವಿಷಯವೇ ಗೊತ್ತಿಲ್ಲ.

ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಚಿಕಿತ್ಸಾ ಕ್ರಮ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಸಿಬಿಟಿ ಎಂದು ಇವತ್ತು ಲೋಕವೆಲ್ಲ ಬಳಸುವುದು ಅದನ್ನೇ. ಮನೆಯಲ್ಲಿ ಮಾಡಿ ನೋಡಲು ಒಂದು ಹಾಳೆ ಸಾಕು. ಮೂರು ಕಲಂ ಎಳೆಯಿರಿ: ನಡೆದದ್ದೇನು, ನಾನು ಅಂದುಕೊಂಡದ್ದೇನು, ಅದಕ್ಕೆ ಸಾಕ್ಷಿ ಏನು. ಮೂರನೆಯ ಕಲಂ ತುಂಬುವಾಗ ಪೆನ್ನು ನಿಲ್ಲುತ್ತದೆ.

ಭಾವನೆಗಳು ಅಲೆಯಲ್ಲ, ಪ್ರವಾಹವೇ ಆಗಿ ಬರುವವರೂ ನಮ್ಮ ನಡುವೆ ಇದ್ದಾರೆ. ಅಂಥವರಿಗಾಗಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲಿನೆಹನ್ ಡಿಬಿಟಿ ಎಂಬ ಥೆರಪಿ ರೂಪಿಸಿದರು. 1993ರಲ್ಲಿ ಅದರ ಕೈಪಿಡಿ ಬಂತು. ಹದಿಹರೆಯದಲ್ಲಿ ತಾವೇ ಎರಡು ವರ್ಷಕ್ಕೂ ಮಿಕ್ಕಿ ಮಾನಸಿಕ ಆಸ್ಪತ್ರೆಯಲ್ಲಿ ಇದ್ದುದನ್ನು, ತಮಗೆ ತಾವೇ ಗಾಯ ಮಾಡಿಕೊಳ್ಳುತ್ತಿದ್ದುದನ್ನು ಆಕೆ 2011ರಲ್ಲಿ ಎಲ್ಲರೆದುರು ಹೇಳಿಕೊಂಡರು. ಆ ಬೆಂಕಿಯಿಂದ ಎದ್ದು ಬಂದವರು ಹೇಳುವ ಮಾತು ಎಂದೇ ನನಗೆ ಅದರ ಮೇಲೆ ಹೆಚ್ಚು ಗೌರವ. ಅವರ ಒಂದು ಪಾಠ ಇದು: ಭಾವನೆ ಸಂದರ್ಭಕ್ಕೆ ತಕ್ಕದ್ದಲ್ಲ ಎಂದು ಖಾತ್ರಿಯಾದರೆ, ಅದು ಎಳೆಯುವ ದಿಕ್ಕಿಗೆ ಎದುರಾಗಿ ನಡೆಯಿರಿ. ಅಳುಕು ಬಚ್ಚಿಟ್ಟುಕೋ ಎನ್ನುತ್ತದೆ, ನೀವು ಹೋಗಿ ಮಾತಾಡಿಸಿ. ದುಗುಡ ಮುಸುಕೆಳೆದು ಮಲಗು ಎನ್ನುತ್ತದೆ, ಎದ್ದು ಸ್ನಾನ ಮಾಡಿ ಅಂಗಳಕ್ಕೆ ಬನ್ನಿ. ಭಾವನೆ ತಕ್ಕದ್ದೇ ಆಗಿದ್ದರೆ, ಉದಾಹರಣೆಗೆ ಮನೆಯಲ್ಲಿ ನಿಜವಾಗಿ ಹೊಡೆತ ಬೀಳುತ್ತಿದ್ದರೆ, ಉಸಿರಾಟ ಮಾಡಿ ಸಹಿಸಿಕೊಳ್ಳಬೇಡಿ. ಅಲ್ಲಿ ಬದಲಾಗಬೇಕಾದದ್ದು ಪರಿಸ್ಥಿತಿ.

9. ನಿದ್ದೆ ಕಾಯಿರಿ

ಆರರಿಂದ ಹನ್ನೆರಡು ವರ್ಷದ ಮಗುವಿಗೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ 8ರಿಂದ 10. ಎಸ್ಸೆಸ್ಸೆಲ್ಸಿ ಮಗುವನ್ನು ನಾಲ್ಕಕ್ಕೆ ಎಬ್ಬಿಸುವವರು ರಾತ್ರಿ ಎಂಟಕ್ಕೆ ಮಲಗಿಸಲೂ ಸಿದ್ಧರಿರಬೇಕು. ನಿದ್ದೆಗೆಟ್ಟ, ಹೊಟ್ಟೆ ಹಸಿದ ಮಗುವಿನ ಸಿಟ್ಟಿಗೆ ಥೆರಪಿ ಬೇಡ, ಮೊಸರನ್ನ ಮತ್ತು ಹಾಸಿಗೆ ಸಾಕು.

10. ತಪ್ಪಿದಾಗ ಹೋಗಿ ತಿದ್ದಿ

ಇಷ್ಟೆಲ್ಲ ಓದಿದ ಮೇಲೂ ನೀವು ಕೂಗುತ್ತೀರಿ, ನಾನೂ ಕೂಗಿದ್ದೇನೆ. ಹದಗೆಟ್ಟದ್ದನ್ನು ಮತ್ತೆ ಹೊಂದಿಸಿಕೊಳ್ಳುವುದೇ ಮಗುವಿಗೆ ಬಲ ಎಂದು ಕಲ್ಲುಮುಖದ ಪ್ರಯೋಗ ಮಾಡಿದ ಆ ಟ್ರಾನಿಕ್ ತಮ್ಮ ನಂತರದ ಕೆಲಸದಲ್ಲೆಲ್ಲ ಒತ್ತಿ ಹೇಳಿದ್ದಾರೆ. ಎಂದೂ ತಪ್ಪದ ತಾಯಿ ಯಾವ ಮಗುವಿಗೂ ಸಿಕ್ಕಿಲ್ಲ.

ಕ್ಷಮೆ ಕೇಳುವಾಗ "ಆದರೆ" ಸೇರಿಸಬೇಡಿ. "ಸಾರಿ, ಆದರೆ ನೀನೂ ಹಾಗೆ ಮಾಡಬಾರದಿತ್ತು" ಎಂದರೆ ಅದು ಇನ್ನೊಂದು ಬೈಗುಳ. ಲೆಕ್ಕದ ಪುಸ್ತಕದ ಆ ಸಂಜೆಯ ಬಗ್ಗೆ ನಾನು ಮಗಳ ಪಕ್ಕ ಚಾಪೆಯ ಮೇಲೆ ಕೂತು ಮಾತಾಡಿದ್ದು ಬಹಳ ತಡವಾಗಿ, ಮನಃಶಾಸ್ತ್ರಜ್ಞೆಯ ಜೊತೆಗಿನ ಮೂರನೇ ಭೇಟಿಯ ನಂತರ. "ಅವತ್ತು ನಾನು ಕೂಗಿದ್ದು ತಪ್ಪು. ನಿನಗೆ ಹೆದರಿಕೆ ಆಯ್ತು. ಲೆಕ್ಕ ಬರದೇ ಇರೋದು ತಪ್ಪಲ್ಲ" ಎಂದೆ. ಅವಳು ತಲೆ ಎತ್ತದೆ ಕೇಳಿದಳು, "ಇನ್ಮೇಲೆ ಕೂಗಲ್ವಾ?" ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಕೂಗಬಹುದು. ಕೂಗಿದ್ರೆ ಮತ್ತೆ ಬಂದು ಹೀಗೇ ಹೇಳ್ತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, ರಬ್ಬರನ್ನು ನನ್ನ ಕಡೆ ತಳ್ಳಿ, "ಇಲ್ಲಿ ನೀನೇ ಅಳಿಸು, ನಾನು ಅಳಿಸಿದ್ರೆ ಹರಿಯುತ್ತೆ" ಎಂದಳು.

11. ಮನೆಯವರದ್ದೆಲ್ಲ ಒಂದೇ ಮಾತಿರಲಿ

ಅಮ್ಮ ಬೇಡ ಎಂದದ್ದನ್ನು ತಾತ ಕೊಡಿಸಿದರೆ ಮಗುವಿಗೆ ಎಲ್ಲೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಅತ್ತೆ-ಮಾವನಿಗೆ ಪಾಠ ಹೇಳಲು ಹೋಗಬೇಡಿ, ಸಹಾಯ ಕೇಳಿ. "ಅತ್ತೆ, ಅವಳು ಅತ್ತಾಗ ಗುಮ್ಮ ಬರ್ತಾನೆ ಅನ್ನೋ ಬದಲು ಬೆನ್ನು ಸವರ್ತೀರಾ?" ಎಂದರೆ ಯಾವ ಅಜ್ಜಿಯೂ ಒಲ್ಲೆ ಎನ್ನುವುದಿಲ್ಲ. ಶಾಲೆಯಲ್ಲಿ ಏಟು, ಅವಮಾನ ನಡೆಯುತ್ತಿದ್ದರೆ ಸುಮ್ಮನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

12. ಯಾವಾಗ ತಜ್ಞರ ಬಳಿ ಹೋಗಬೇಕು ಎಂದು ತಿಳಿದಿರಿ

ಎರಡು ವಾರ ಕಳೆದರೂ ದುಗುಡ ಇಳಿಯದಿದ್ದರೆ, ಮಗು ಶಾಲೆಗೆ ಹೋಗಲು ಒಪ್ಪದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಸಿಟ್ಟು ಬಂದಾಗಲೆಲ್ಲ ಯಾರಿಗಾದರೂ ಪೆಟ್ಟಾಗುತ್ತಿದ್ದರೆ, ಕುಡಿತದಿಂದ ಸಮಾಧಾನ ಹುಡುಕುತ್ತಿದ್ದರೆ ಹೋಗಿ. ಸಾಯುವ ಮಾತು ಬಂದರೆ, ಮೈಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ ಅವತ್ತೇ ಹೋಗಿ. ಹಠದ ಹಿಂದೆ ಕಲಿಕೆಯ ತೊಡಕೋ, ಎಡಿಎಚ್‌ಡಿಯೋ, ಆಟಿಸಮ್ಮೋ ಇರಬಹುದು. ಮೊದಲು ಸರಿಯಾದ ತಪಾಸಣೆ ಆಗಲಿ.

ಮನೋವೈದ್ಯರು ಎಂಬಿಬಿಎಸ್ ಮೇಲೆ ಓದಿದವರು, ಔಷಧಿ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಥೆರಪಿ ಕೊಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಕೇಳಿ ನೋಡುವುದರಲ್ಲಿ ಸಂಕೋಚ ಬೇಡ. ಎಷ್ಟು ಭೇಟಿ ಬೇಕಾಗಬಹುದು, ಮನೆಯಲ್ಲಿ ನಾವೇನು ಮಾಡಬೇಕು, ಹದಿಹರೆಯದ ಮಗು ಹೇಳಿದ್ದರಲ್ಲಿ ಯಾವುದನ್ನು ನಮಗೆ ತಿಳಿಸುತ್ತೀರಿ ಎಂದೂ ಮೊದಲ ದಿನವೇ ಕೇಳಿ. ಪೋಷಕರನ್ನು ಹೊರಗೇ ಕೂರಿಸಿ ಪುಟ್ಟ ಮಗುವನ್ನಷ್ಟೇ "ಸರಿಮಾಡಿ" ಕೊಡುತ್ತೇವೆ ಎನ್ನುವವರ ಬಳಿ ನಾನಂತೂ ಹೋಗುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿಯೇ ಪ್ರತ್ಯೇಕ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ದೇಶಕ್ಕೆಲ್ಲ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿದ ಪ್ರಯೋಗದಿಂದ. ಆದರೂ 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದು ಸಂಕಟದ ಚಿತ್ರ: ಮಾನಸಿಕ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕಂತೆ, ಶೇ 70ರಿಂದ 92.

ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಪುಟ ಮಡಿಸುವ ಮುಂಚೆ ಆ ಐದು ಅಂಕಿಗಳನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಅವರ ಫೋನಿನಲ್ಲೂ.